ಮೈಸೂರಿಗಾಗಿ ಮುದ್ರಿತವಾದ ಪೂರ್ವರಂಗ

ನಂಜನಗೂಡು ತಾಲ್ಲೂಕಿನ ತಾಂಡ್ಯದಲ್ಲಿ ನಮ್ಮ ಮಿತ್ರರೊಬ್ಬರು ವಾಸವಾಗಿದ್ದಾರೆ. ಕರ್ಣಾಟಕ ಸಂಗೀತದಲ್ಲಿ ಅವರದು ಪಳಗಿದ ಕಿವಿ. ಪಾಶ್ಚಾತ್ಯ ಸಂಗೀತದ ವಿಷಯದಲ್ಲಿ ಅವರಿಗೆ ದ್ವೇಷವೂ ಇಲ್ಲ, ಮೋಹವೂ ಇಲ್ಲ. ಈಚೆಗೆ ಒಂದು ಸಂಜೆ ಅವರ ಮನೆಯಲ್ಲಿ ಕುಳಿತು ನಾವು ಅವರಿಗೆ ಒಂದು ಹಳೆಯ ಧ್ವನಿಮುದ್ರಣವನ್ನು ಕೇಳಿಸಿದೆವು. ಅದು ಜರ್ಮನಿಯ ವಾಗ್ನರನು ರಚಿಸಿದ 'ಟ್ರಿಸ್ಟಾನ್ ಮತ್ತು ಇಸೋಲ್ಡೆ' ಎಂಬ ಆಪೆರಾದ, ಎಂದರೆ ಗೀತನಾಟಕದ, ಪ್ರಿಲ್ಯೂಡು. ತೆರೆ ಏಳುವುದಕ್ಕೆ ಮುಂಚೆ ವಾದ್ಯವೃಂದವು ತಾನೊಂದೇ ನುಡಿಸುವ ಸಂಗೀತಕ್ಕೆ ಆ ಹೆಸರು. ಸುಮಾರು ಹತ್ತು ನಿಮಿಷಗಳ ಕಾಲ ಅದು ಮೆಲ್ಲನೆ ತಡವರಿಸಿ, ಎದ್ದು, ಅಲೆಯಲೆಯಾಗಿ ಏರಿ, ಮುರಿದು, ಮತ್ತೆ ತಾನು ಹುಟ್ಟಿದ ಮೌನಕ್ಕೇ ಇಳಿಯಿತು. ಅಲ್ಲಿಗೆ ನಾವು ಯಂತ್ರವನ್ನು ನಿಲ್ಲಿಸಿದೆವು. ಮಿತ್ರರು ಕಣ್ಣು ತೆರೆದು, "ಆಲಾಪನೆ ಬಹಳ ಚೆನ್ನಾಗಿದೆ ಮೇಷ್ಟರೆ, ಕೃತಿ ಯಾವಾಗ ಎತ್ತಿಕೊಳ್ಳುತ್ತಾರೆ?" ಎಂದು ಕೇಳಿದರು.

ಇದು ನಕ್ಕು ತಳ್ಳಿಬಿಡುವ ಪ್ರಶ್ನೆಯಲ್ಲ. ಎಲೆ ಹಾಕಿ, ನೀರಿಟ್ಟು, ಊಟವನ್ನೇ ಬಡಿಸದೆ ಎಬ್ಬಿಸಿದರೆ ಅತಿಥಿಯು ಏನೆಂದುಕೊಳ್ಳಬೇಕು? ನಾಟಕವಿಲ್ಲದೆ ಅದರ ಪೂರ್ವರಂಗವನ್ನು ಮಾತ್ರ ನುಡಿಸುವುದೇಕೆ, ನುಡಿಸಿದ್ದನ್ನು ಮುದ್ರಿಸಿಡುವುದೇಕೆ? ಇದಕ್ಕೆ ಉತ್ತರವನ್ನು ಹುಡುಕಹೊರಟರೆ ಯುರೋಪಿನ ನಾಟಕಶಾಲೆಗಳಿಂದ ಹೊರಟು ಮೈಸೂರಿನ ಅರಮನೆಗೆ ಬಂದು ಸೇರಬೇಕಾಗುತ್ತದೆ. ಏಕೆಂದರೆ ಅಂದು ನಾವು ಕೇಳಿದ್ದು ೧೯೫೦ನೆಯ ಇಸವಿ ಮೇ ೨೨ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದ ಕಚೇರಿಯ ಮುದ್ರಣ. ಆ ಕಚೇರಿಗೆ ಹಣದ ಭರವಸೆಯನ್ನು ಕೊಟ್ಟು ಅದನ್ನು ತಮಗಾಗಿ ಮುದ್ರಿಸಿ ಕಳುಹಿಸುವಂತೆ ಮಾಡಿದವರು ಮೈಸೂರಿನ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರು.

ಪೂರ್ವರಂಗವೆಂಬ ಮಾತು ನಮಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯವು ಅದಕ್ಕೇ ಮೀಸಲಾಗಿದೆ. ಅಲ್ಲಿ ಪೂರ್ವರಂಗಕ್ಕೆ ೧೯ ಅಂಗಗಳನ್ನು ಹೇಳಿದ್ದಾನೆ. ಅವುಗಳಲ್ಲಿ ೯ ತೆರೆಯ ಹಿಂದೆ ನಡೆಯತಕ್ಕವು, ೧೦ ತೆರೆ ಸರಿದ ಮೇಲೆ. ವಾದ್ಯಗಳನ್ನು ತಂದಿರಿಸುವುದು, ವಾದಕರು ತಮ್ಮ ತಮ್ಮ ಸ್ಥಾನಗಳಲ್ಲಿ ಕುಳಿತುಕೊಳ್ಳುವುದು, ವಾದ್ಯಗಳನ್ನು ಹದಗೊಳಿಸುವುದು, ಇವು ಕೂಡ ಅಂಗಗಳೇ. ನಮ್ಮ ಕಂಪೆನಿ ನಾಟಕಗಳ ಕಾಲದಲ್ಲಿ ಇಷ್ಟೆಲ್ಲ ಉಳಿದಿರಲಿಲ್ಲ. ಆದರೆ ನಾಂದಿ ಉಳಿದಿತ್ತು. ತೆರೆಯ ಹಿಂದೆ ಹಾರ್ಮೋನಿಯಂ ಶ್ರುತಿ ಹಿಡಿದೊಡನೆ ಗ್ಯಾಲರಿಯಲ್ಲಿ ಕಡಲೆಕಾಯಿ ಸುಲಿಯುವ ಸದ್ದು ನಿಲ್ಲುತ್ತಿತ್ತೆಂದು ಹಿರಿಯರು ಹೇಳುವುದನ್ನು ನಾವು ಕೇಳಿದ್ದೇವೆ. ನಾಂದಿಯು ದೇವರಿಗೆ ಸಲ್ಲತಕ್ಕದ್ದು. ಯುರೋಪಿನ ಪೂರ್ವರಂಗವು ಹುಟ್ಟಿದ್ದು ಬಹುಮಟ್ಟಿಗೆ ದೊರೆಗಳ ಸನ್ನಿಧಿಯಲ್ಲಿ. ೧೬೦೭ರಲ್ಲಿ ಇಟಲಿಯ ಮಾಂಟುವಾ ಸಂಸ್ಥಾನದಲ್ಲಿ ಮೊಂಟೆವೆರ್ಡಿಯ 'ಓರ್ಫೆಯೋ' ಪ್ರಯೋಗವಾದಾಗ ತೆರೆ ಏಳುವ ಮುನ್ನ ತುತ್ತೂರಿಗಳೊಡನೆ ಒಂದು ಸಣ್ಣ ತುಣುಕನ್ನು ಮೂರಾವೃತ್ತಿ ನುಡಿಸಬೇಕೆಂದು ಗೊತ್ತುಮಾಡಲಾಗಿತ್ತು. ದಸರಾ ದರ್ಬಾರಿನ ಕಹಳೆಯ ದನಿಯನ್ನು ನೆನೆದರೆ ಅದರ ಉದ್ದೇಶ ತಾನಾಗಿ ತಿಳಿಯುತ್ತದೆ. ಫ್ರಾನ್ಸಿನಲ್ಲಿ ೧೪ನೆಯ ಲೂಯಿಯ ಆಸ್ಥಾನದಲ್ಲಿ ಲುಲ್ಲಿ ಎಂಬಾತನು ಇದಕ್ಕೆ ಗಂಭೀರವಾದ ನಡೆಯನ್ನು ಕೊಟ್ಟನು. ಓವರ್ಚರ್ ಎಂಬ ಹೆಸರು ನೆಲೆಗೊಂಡದ್ದು ಅಲ್ಲಿಯೇ. ನೇಪಲ್ಸಿನವರು ಚುರುಕು, ವಿಳಂಬ, ಮತ್ತೆ ಚುರುಕು ಎಂಬ ಮೂರು ಭಾಗಗಳ ಕಟ್ಟನ್ನು ಕಲ್ಪಿಸಿದರು. ಅದರಿಂದ ಮುಂದೆ ಸಿಂಫೊನಿ ಬೆಳೆಯಿತು.

ಇಷ್ಟಾದರೂ ಬಹುಕಾಲ ಪೂರ್ವರಂಗಕ್ಕೂ ನಾಟಕಕ್ಕೂ ಒಳಸಂಬಂಧವೇನೂ ಇರಲಿಲ್ಲ. ಜನರ ಗದ್ದಲವನ್ನು ಅಡಗಿಸಿದರೆ ಅದರ ಕೆಲಸ ಆಯಿತು. ರೊಸ್ಸಿನಿಯ 'ಸೆವಿಲ್ಲೆಯ ಕ್ಷೌರಿಕ' ೧೮೧೬ರಲ್ಲಿ ರೋಮಿನಲ್ಲಿ ರಂಗವೇರಿದ ಹಾಸ್ಯನಾಟಕ. ಅದರ ಓವರ್ಚರನ್ನು ಕೇಳಿದವರು ಕ್ಷೌರಿಕನ ಚೇಷ್ಟೆಯೆಲ್ಲ ಅದರಲ್ಲಿ ತುಂಬಿದೆಯೆಂದು ಕೊಂಡಾಡುತ್ತಾರೆ. ನಿಜಸಂಗತಿಯೇನೆಂದರೆ, ಅದನ್ನೇ ಆತ ೧೮೧೩ರಲ್ಲಿ ರೋಮನ್ ಚಕ್ರವರ್ತಿಯೊಬ್ಬನ ಕಥೆಗೂ, ೧೮೧೫ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಕಥೆಗೂ ಬಳಸಿಬಿಟ್ಟಿದ್ದನು! ಇದನ್ನು ಒಪ್ಪದವರೂ ಇದ್ದರು. ಓವರ್ಚರು ಮುಂದೆ ನಡೆಯುವ ಕಥೆಯ ಸ್ವಭಾವವನ್ನು ಪ್ರೇಕ್ಷಕರಿಗೆ ಮೊದಲೇ ಸೂಚಿಸಬೇಕೆಂದು ಗ್ಲುಕ್ ೧೭೬೯ರಲ್ಲಿ ತನ್ನ 'ಆಲ್ಚೆಸ್ಟೆ'ಯ ಮುನ್ನುಡಿಯಲ್ಲಿ ಸಾರಿದನು. ಮೊಟ್ಸಾರ್ಟನು ೧೭೮೭ರಲ್ಲಿ 'ಡಾನ್ ಜೊವಾನ್ನಿ'ಗೆ ಓವರ್ಚರನ್ನು ಬರೆದಾಗ, ನಾಟಕದ ಕೊನೆಯಲ್ಲಿ ಕಲ್ಲಿನ ಪ್ರತಿಮೆಯು ನಡೆದುಬಂದು ಪಾಪಿಯ ಕೈಹಿಡಿಯುವ ಭಯಂಕರ ಸನ್ನಿವೇಶದ ಸಂಗೀತವನ್ನೇ ಅದರ ಮೊದಲಲ್ಲಿಟ್ಟನು. ಬೇಥೋವನನು ತನ್ನ ಒಂದೇ ಒಂದು ಆಪೆರಾಕ್ಕೆ ನಾಲ್ಕು ಓವರ್ಚರುಗಳನ್ನು ಬರೆದನು. ಅವುಗಳಲ್ಲಿ 'ಲಿಯೊನೋರಾ' ಮೂರನೆಯದು ಎಷ್ಟು ಬಲವಾದದ್ದೆಂದರೆ, ಅದು ಮುಗಿಯುವ ಹೊತ್ತಿಗೆ ನಾಟಕವೇ ಮುಗಿದುಹೋದಂತಾಗುತ್ತದೆ. ಪೂರ್ವರಂಗವು ನಾಟಕದ ಹಂಗನ್ನು ಬಿಟ್ಟು ಕಚೇರಿಯ ಮಂಟಪಕ್ಕೆ ನಡೆದುಬಂದದ್ದು ಇಂಥ ರಚನೆಗಳ ಬಲದಿಂದ.

ಆದರೂ ವಾಗ್ನರನ ಪ್ರಿಲ್ಯೂಡಿನ ಕಥೆಗೆ ಸಮನಾದದ್ದು ಮತ್ತೊಂದಿಲ್ಲ. 'ಟ್ರಿಸ್ಟಾನ್' ಇನ್ನೂ ಬರೆದು ಮುಗಿದಿರಲಿಲ್ಲ. ಅಷ್ಟರಲ್ಲಿಯೇ, ೧೮೫೯ರ ಮಾರ್ಚ್ ೧೨ರಂದು, ಹಾನ್ಸ್ ಫಾನ್ ಬ್ಯೂಲೋ ಪ್ರಾಗ್ ನಗರದ ಕಚೇರಿಯೊಂದರಲ್ಲಿ ಅದರ ಪ್ರಿಲ್ಯೂಡನ್ನು ನುಡಿಸಿದನು. ಮರುವರ್ಷದ ಜನವರಿಯಲ್ಲಿ ವಾಗ್ನರನು ತಾನೇ ಪ್ಯಾರಿಸಿನಲ್ಲಿ ಅದನ್ನು ನುಡಿಸಿದನು. ವಿಯೆನ್ನಾದ ನಾಟಕಶಾಲೆಯವರು ೭೦ಕ್ಕೂ ಹೆಚ್ಚು ಸಲ ಅಭ್ಯಾಸ ಮಾಡಿ, ಇದು ತಮ್ಮಿಂದಾಗದ ಕೆಲಸವೆಂದು ಕೈಬಿಟ್ಟರು. ಕೊನೆಗೆ ನಾಟಕವು ಮ್ಯೂನಿಕ್ಕಿನಲ್ಲಿ ತೆರೆ ಕಂಡದ್ದು ೧೮೬೫ರ ಜೂನ್ ೧೦ರಂದು. ಎಂದರೆ, ಆರು ವರ್ಷಗಳ ಕಾಲ ಲೋಕವು ಈ ನಾಟಕವನ್ನು ಅದರ ಪೂರ್ವರಂಗದಿಂದ ಮಾತ್ರ ಬಲ್ಲುದಾಗಿತ್ತು. ಕೃತಿ ಯಾವಾಗ ಎತ್ತಿಕೊಳ್ಳುತ್ತಾರೆಂದು ನಮ್ಮ ತಾಂಡ್ಯದ ಮಿತ್ರರು ಕೇಳಿದ್ದನ್ನು ಪ್ರಾಗಿನ ಶ್ರೋತೃಗಳೂ ಕೇಳಿದ್ದರೆ ಆಶ್ಚರ್ಯವಿಲ್ಲ.

ಈ ಸಂಗೀತದ ಗುಟ್ಟನ್ನು ನಮ್ಮ ಪರಿಭಾಷೆಯಲ್ಲಿ ಸ್ವಲ್ಪ ಬಿಡಿಸಿ ಹೇಳಬಹುದು. ಪಾಶ್ಚಾತ್ಯರಲ್ಲಿ ಹಲವು ಸ್ವರಗಳನ್ನು ಏಕಕಾಲದಲ್ಲಿ ಹಿಡಿದು ನುಡಿಸುವ ಪದ್ಧತಿಯುಂಟಷ್ಟೆ. ಅಂಥ ಸ್ವರಗುಚ್ಛಗಳಲ್ಲಿ ಕೆಲವು ನೆಲೆಯಾಗಿ ನಿಲ್ಲತಕ್ಕವು. ಕೆಲವು, ನಿಷಾದವು ಮೇಲಣ ಷಡ್ಜವನ್ನು ಬಯಸುವಂತೆ, ಮುಂದಿನದೊಂದನ್ನು ಬಯಸುತ್ತ ನಿಲ್ಲಲಾರದೆ ನಿಂತಿರತಕ್ಕವು. ಟ್ರಿಸ್ಟಾನಿನ ಪ್ರಿಲ್ಯೂಡಿನಲ್ಲಿ ಸೆಲ್ಲೊಗಳು ಒಂಟಿಯಾಗಿ ಕೆಲವು ಸ್ವರಗಳನ್ನು ನಿಟ್ಟುಸಿರಿನಂತೆ ಎಳೆಯುತ್ತವೆ. ಅದರ ಕೊನೆಗೆ ಊದುವ ವಾದ್ಯಗಳು ಬಂದು ಒಂದು ತವಕದ ಸ್ವರಗುಚ್ಛವನ್ನು ಹಿಡಿಯುತ್ತವೆ. ಅದು ಬಿಡುಗಡೆಯಾಗಬೇಕಾದಲ್ಲಿ ಮತ್ತೊಂದು ತವಕದೊಳಕ್ಕೇ ಜಾರುತ್ತದೆ. ಆಮೇಲೆ ಮೌನ. ಹೀಗೆಯೇ ಮತ್ತೆ, ಮತ್ತೆ. ಗಾಯಕನು ನಿಷಾದದ ಮೇಲೆ ನಿಂತು, ಇಗೋ ಷಡ್ಜಕ್ಕೆ ಬಂದನೆನ್ನುವಷ್ಟರಲ್ಲಿ ಬೇರೊಂದು ಸ್ವರಕ್ಕೆ ತಿರುಗಿಕೊಂಡರೆ ನಮ್ಮ ಪ್ರಾಣ ಹೇಗೆ ಚಡಪಡಿಸುವುದೋ ಹಾಗೆ. ಆ ಷಡ್ಜವನ್ನು ವಾಗ್ನರನು ಪ್ರಿಲ್ಯೂಡಿನಲ್ಲಿ ಕೊಡುವುದೇ ಇಲ್ಲ. ನಾಲ್ಕು ಗಂಟೆಗಳಿಗೆ ಹತ್ತಿರವಾದ ಸಂಗೀತವೆಲ್ಲ ಕಳೆದು, ಸತ್ತ ಪ್ರಿಯನ ಮುಂದೆ ನಿಂತು ಇಸೋಲ್ಡೆಯು ಹಾಡಿ ಪ್ರಾಣಬಿಟ್ಟಾಗ, ಆಪೆರಾದ ಕಟ್ಟಕಡೆಯ ಘಳಿಗೆಯಲ್ಲಿ ಅದು ದೊರೆಯುತ್ತದೆ. ಆದಕಾರಣ ಕಚೇರಿಗಳಲ್ಲಿ ಪ್ರಿಲ್ಯೂಡಿನ ಬೆನ್ನಿಗೇ ಇಸೋಲ್ಡೆಯ ಕೊನೆಯ ಹಾಡನ್ನು ಹೊಂದಿಸಿ ಹೇಳುವ ರೂಢಿ ಬಂದಿತು. ಮೊದಲೂ ಕೊನೆಯೂ ಉಂಟು, ನಡುವಣ ನಾಟಕವಿಲ್ಲ.

ಇನ್ನು ಗ್ರಾಮಫೋನು. ಅದು ಬಂದ ಮೇಲೆ ಪೂರ್ವರಂಗಗಳಿಗೆ ಮತ್ತೊಂದು ಭಾಗ್ಯ ಒದಗಿತು. ೧೨ ಅಂಗುಲದ ಹಳೆಯ ಪ್ಲೇಟಿನ ಒಂದು ಮುಖದಲ್ಲಿ ನಾಲ್ಕು ನಾಲ್ಕೂವರೆ ನಿಮಿಷಕ್ಕಿಂತ ಹೆಚ್ಚು ಸಂಗೀತ ಹಿಡಿಯುತ್ತಿರಲಿಲ್ಲ. ನಾಲ್ಕು ಗಂಟೆಗಳ ಆಪೆರಾವನ್ನು ಹಿಡಿದಿಡಬೇಕಾದರೆ ೫೦ಕ್ಕೂ ಹೆಚ್ಚು ಮುಖಗಳು ಬೇಕು. ಅಷ್ಟು ಪ್ಲೇಟುಗಳ ಕಟ್ಟನ್ನು ಕೊಳ್ಳತಕ್ಕವರು ಯಾರು, ನಾಲ್ಕು ನಿಮಿಷಕ್ಕೊಮ್ಮೆ ಎದ್ದು ಮಗುಚಿ ಹಾಕತಕ್ಕವರು ಯಾರು? ಓವರ್ಚರಾದರೋ ಒಂದು ಪ್ಲೇಟಿನ ಎರಡು ಮುಖಗಳಲ್ಲಿ ಹಲವು ವೇಳೆ ಅಚ್ಚುಕಟ್ಟಾಗಿ ಕುಳಿತುಕೊಳ್ಳುತ್ತದೆ. ಆಪೆರಾ ನಡೆಯುವ ಊರುಗಳಿಂದ ಸಾವಿರಾರು ಮೈಲಿ ದೂರದಲ್ಲಿದ್ದವರಿಗೆ ಆಪೆರಾವೆಂದರೆ ಅದರ ಓವರ್ಚರು, ಅದರ ಎರಡೋ ಮೂರೋ ಹಾಡು, ಇಷ್ಟೇ ಆಯಿತು. ಒಂದು ಮಾತನ್ನು ಇಲ್ಲಿ ಸೇರಿಸಬಹುದು. ಆ ಪ್ಲೇಟುಗಳ ಮುಖ್ಯದ್ರವ್ಯ ಅರಗು. ನಮ್ಮ ದೇಶದ ಛೋಟಾನಾಗಪುರದ ಕಾಡುಗಳಲ್ಲಿ ಮುತ್ತುಗ ಮೊದಲಾದ ಮರಗಳ ಕೊಂಬೆಗಳಲ್ಲಿ ಹುಳುಗಳು ಕಟ್ಟುವ ಅರಗು. ಅದಕ್ಕೆ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಕೂಡಿಸಿ ಒತ್ತುತ್ತಿದ್ದರು. ೧೯೦೮ರಲ್ಲಿ ಗ್ರಾಮಫೋನ್ ಕಂಪೆನಿಯವರು ಕಲ್ಕತ್ತೆಯಲ್ಲಿಯೇ ಕಾರ್ಖಾನೆಯನ್ನು ತೆರೆದರು. ಬರ್ಲಿನ್ನಿನ ವಾದ್ಯವೃಂದದ ನಾದವು ನಿಂತದ್ದು ನಮ್ಮ ಕಾಡಿನ ಹುಳುವಿನ ಬೆನ್ನ ಮೇಲೆ.

ಮೈಸೂರಿನ ಅರಮನೆಯಲ್ಲಿ ಇಂಥ ಸಂಗೀತಕ್ಕೆ ನೆಲ ಹದವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲುಗಳ ಜೊತೆಗೆ ಪಿಯಾನೊವನ್ನೂ ಸ್ಯಾಕ್ಸೊಫೋನನ್ನೂ ಬಲ್ಲವರು. ಅವರ ಕಾಲದಲ್ಲಿ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ಜರ್ಮನಿಯ ಓಟೊ ಷ್ಮಿಟ್ ನಡೆಸುತ್ತಿದ್ದರು. ವೀಣೆಯ ವೆಂಕಟಗಿರಿಯಪ್ಪನವರು ಪ್ರಭುಗಳ ಅಪೇಕ್ಷೆಯಂತೆ 'ನಗ್ಮಾ'ಗಳೆಂಬ ವಾದ್ಯರಚನೆಗಳನ್ನು ಮಾಡಿದರು. ನಮ್ಮ ರಾಗಗಳು ಪಾಶ್ಚಾತ್ಯ ನಡೆಯ ಉಡುಪನ್ನು ತೊಟ್ಟು ಹೊರಟ ರಚನೆಗಳವು. ಇಂಥ ಮನೆಯಲ್ಲಿ ಬೆಳೆದವರು ೧೯೧೯ರಲ್ಲಿ ಜನಿಸಿದ ಜಯಚಾಮರಾಜ ಒಡೆಯರು. ಅವರು ಪಿಯಾನೊವನ್ನು ಶ್ರದ್ಧೆಯಿಂದ ಅಭ್ಯಾಸಮಾಡಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು. ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಆರಿಸಿತು. ೧೯೪೦ರಲ್ಲಿ ಸಿಂಹಾಸನ ಬಂದಿತು. ವಾದ್ಯಗಾರನಾಗುವ ಆಸೆ ಏನಾದರೂ ಇದ್ದಿದ್ದರೆ ಅದಕ್ಕೆ ಅಲ್ಲಿಗೆ ತೆರೆಬಿದ್ದಂತಾಯಿತು. ಉಳಿದದ್ದು ಕೇಳ್ಮೆ. ಅವರ ಸಂಗ್ರಹದಲ್ಲಿ ಸುಮಾರು ೨೦,೦೦೦ ಪ್ಲೇಟುಗಳಿದ್ದುವೆಂದು ಆಗಿನ ಅಂದಾಜು.

ಕೇಳುವವರಲ್ಲಿ ಎರಡು ಬಗೆ: ಅಂಗಡಿಯಲ್ಲಿರುವುದನ್ನು ಕೊಳ್ಳುವವರು, ಅಂಗಡಿಯಲ್ಲಿಲ್ಲದ್ದನ್ನು ಹಂಬಲಿಸುವವರು. ಮಹಾರಾಜರು ಎರಡನೆಯ ಬಗೆ. ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರರು ಲಂಡನ್ನಿನಲ್ಲಿ ಮುಪ್ಪಿನಲ್ಲಿ ಕಾಯಿಲೆಯಿಂದಲೂ ಲೋಕದ ಮರೆವಿನಿಂದಲೂ ಕುಗ್ಗಿದ್ದರು. ಮೈಸೂರಿನ ಹಣದಿಂದ ಮೆಟ್ನರ್ ಸೊಸೈಟಿ ಹುಟ್ಟಿತು. ೧೯೪೦ರ ದಶಕದ ಕೊನೆಯಲ್ಲಿ ಆ ಮುದುಕರು ತಮ್ಮ ಮೂರು ಪಿಯಾನೊ ಕನ್ಸರ್ಟೊಗಳನ್ನೂ ತಾವೇ ನುಡಿಸಿ ಮುದ್ರಿಸಿದರು, ಮೂರನೆಯದನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಅವರು ತೀರಿಕೊಂಡದ್ದು ೧೯೫೧ರಲ್ಲಿ. ಎರಡು ಮೂರು ವರ್ಷ ತಡವಾಗಿದ್ದರೆ ಆ ಬೆರಳುಗಳ ನುಡಿ ಲೋಕಕ್ಕೆ ಇಷ್ಟು ಉಳಿಯುತ್ತಿರಲಿಲ್ಲ. ಇದರ ಹಿಂದಿದ್ದ ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ನಿರ್ಮಾಪಕರು ೧೯೪೫ರಲ್ಲಿ ಫಿಲ್‌ಹಾರ್ಮೋನಿಯ ಎಂಬ ವಾದ್ಯವೃಂದವನ್ನು ಕಟ್ಟಿದ್ದರು. ಅದರ ಕಚೇರಿಗಳನ್ನು ನಡೆಸುವ ಸಂಘಕ್ಕೆ ೧೯೪೮ರಲ್ಲಿ ಜಯಚಾಮರಾಜ ಒಡೆಯರೇ ಮೊದಲ ಅಧ್ಯಕ್ಷರು. ಲೆಗ್ ಮೈಸೂರಿಗೂ ಬಂದಿದ್ದರು. ಅರಮನೆಯ ಪ್ಲೇಟುಗಳ ಭಂಡಾರವನ್ನೂ, ಬಗೆಬಗೆಯ ಧ್ವನಿವರ್ಧಕಗಳನ್ನೂ, ಸಾಲಾಗಿದ್ದ ಪಿಯಾನೊಗಳನ್ನೂ ಕಂಡು ಬೆರಗಾದುದನ್ನು ಅವರು ತಮ್ಮ ನೆನಪಿನ ಬರಹದಲ್ಲಿ ಹೇಳಿಕೊಂಡಿದ್ದಾರೆ. ವಾದ್ಯವೃಂದದ ನೆಲೆ ಭದ್ರವಾಗಲೆಂದು ಮೂರು ವರ್ಷಗಳ ಕಾಲ ವರ್ಷಕ್ಕೆ ೧೦,೦೦೦ ಪೌಂಡುಗಳನ್ನು ಕೊಡಲು ಮಹಾರಾಜರು ಒಪ್ಪಿದರೆಂಬುದೂ ಅದೇ ಬರಹದಲ್ಲಿದೆ. ೧೯೪೯ರಲ್ಲಿ ಕರಯಾನ್ ಅವರ ನೇತೃತ್ವದಲ್ಲಿ ಈ ವೃಂದವು ಬಲಕಿರೆವನ ಮೊದಲನೆಯ ಸಿಂಫೊನಿಯನ್ನೂ ರೂಸೆಲನ ನಾಲ್ಕನೆಯದನ್ನೂ ಮುದ್ರಿಸಿದ್ದು ಈ ಆಶ್ರಯದ ಫಲ. ಅಂಗಡಿಯ ಲಾಭವನ್ನು ನೋಡಿದ್ದರೆ ಆ ಹೊತ್ತಿನಲ್ಲಿ ಯಾರೂ ಅವುಗಳಿಗೆ ಕೈಹಾಕುತ್ತಿರಲಿಲ್ಲ.

ಈಗ ೧೯೫೦ರ ಮೇ ೨೨ಕ್ಕೆ ಬರೋಣ. ಜರ್ಮನಿಯ ರಿಚರ್ಡ್ ಸ್ಟ್ರೌಸ್ ಹಿಂದಿನ ವರ್ಷ ಸೆಪ್ಟೆಂಬರ್ ೮ರಂದು ೮೫ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದ್ದರು. ೧೯೪೮ರಲ್ಲಿ ಅವರು ನಾಲ್ಕು ಗೀತೆಗಳನ್ನು ರಚಿಸಿ, ಅವುಗಳನ್ನು ಮೊದಲು ಹಾಡಬೇಕಾದವರು ನಾರ್ವೆಯ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಎಂದೂ, ಜೊತೆಗೆ ಮೇಲ್ಮಟ್ಟದ ನಿರ್ವಾಹಕರೂ ವಾದ್ಯವೃಂದವೂ ಇರಬೇಕೆಂದೂ ಬಯಸಿದ್ದರು. ಆ ಬಯಕೆ ಈಡೇರಿದ್ದು ಈ ಕಚೇರಿಯಲ್ಲಿ. ನಿರ್ವಾಹಕರು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್, ವಾದ್ಯವೃಂದ ಫಿಲ್‌ಹಾರ್ಮೋನಿಯ, ಹಣದ ಭರವಸೆ ೪,೮೦೦ ಡಾಲರು, ಮೈಸೂರಿನದು. ಸ್ಟ್ರೌಸರ ಗೀತೆಗಳ ಜೊತೆಗೆ ವಾಗ್ನರನ ಸಂಗೀತವೂ ಇತ್ತು. ಟ್ರಿಸ್ಟಾನಿನ ಪ್ರಿಲ್ಯೂಡು ನುಡಿಯಿತು, ಫ್ಲಾಗ್‌ಸ್ಟಾಡರು ಇಸೋಲ್ಡೆಯ ಕೊನೆಯ ಹಾಡನ್ನು ಹಾಡಿದರು. ಹಣ ಕೊಟ್ಟವರು ಮಾತ್ರ ಸಭೆಯಲ್ಲಿರಲಿಲ್ಲ. ಅದೇ ವರ್ಷದ ಜನವರಿ ೨೬ರಿಂದ ಮಹಾರಾಜರು ಮೈಸೂರು ರಾಜ್ಯದ ರಾಜಪ್ರಮುಖರು. ಸಾವಿರಾರು ಜನ ಕುಳಿತು ಕೇಳಿದ ಕಚೇರಿಯು, ಬಾರದೆ ಉಳಿದ ಒಬ್ಬ ಶ್ರೋತೃವಿಗಾಗಿ ಪ್ಲೇಟುಗಳ ಮೇಲೆ ಕೊರೆಯಲ್ಪಟ್ಟಿತು.

ಲೆಕ್ಕದ ಮಾತನ್ನು ಆಡದೆ ಮುಂದೆ ಹೋದರೆ ಇತಿಹಾಸಕ್ಕೆ ಅನ್ಯಾಯವಾದೀತು. ಆಗ ಡಾಲರಿಗೆ ಸುಮಾರು ೪ ರೂಪಾಯಿ ೧೨ ಆಣೆ. ೪,೮೦೦ ಡಾಲರೆಂದರೆ ೨೩,೦೦೦ ರೂಪಾಯಿಗಳ ಸಮೀಪ. ೧೦,೦೦೦ ಪೌಂಡೆಂದರೆ ೧,೩೩,೦೦೦ ರೂಪಾಯಿ. ಮಹಾರಾಜರಿಗೆ ಗೊತ್ತಾಗಿದ್ದ ರಾಜಧನ ವರ್ಷಕ್ಕೆ ೨೬ ಲಕ್ಷ ರೂಪಾಯಿ. ಅದರಲ್ಲಿ ಸುಮಾರು ಇಪ್ಪತ್ತನೆಯ ಒಂದು ಪಾಲು ಲಂಡನ್ನಿನ ವಾದ್ಯಗಾರರಿಗೆ. ಅವು ಪಡಿತರದ ಅಂಗಡಿಯ ಮುಂದೆ ಜನ ಸಾಲಾಗಿ ನಿಲ್ಲುತ್ತಿದ್ದ ವರ್ಷಗಳು. ೧೯೪೭ರಲ್ಲಿ 'ಮೈಸೂರು ಚಲೋ' ನಡೆದು, ಅಕ್ಟೋಬರಿನಲ್ಲಿ ಜವಾಬ್ದಾರಿ ಸರ್ಕಾರ ಬಂದು, ದೊರೆತನದ ಹಕ್ಕುಗಳೆಲ್ಲ ಒಂದೊಂದಾಗಿ ಕಳಚುತ್ತಿದ್ದ ಕಾಲ. ಇಂಥ ಸಮಯದಲ್ಲಿ ಹೊರದೇಶದ ಸಂಗೀತಕ್ಕೆ ಇಷ್ಟು ಹಣವೇ ಎಂದು ಕೇಳುವವರ ಬಾಯನ್ನು ನಾವು ಮುಚ್ಚಿಸಲಾರೆವು. ಆಸ್ಥಾನದ ವಿದ್ವಾಂಸರಿಗೆ ಸಂದದ್ದೆಷ್ಟು, ಹೊರಗಿನವರಿಗೆ ಸಂದದ್ದೆಷ್ಟು ಎಂದು ತೂಗಿ ನೋಡುವ ಆಸೆ ನಮಗೂ ಉಂಟು. ಆದರೆ ಒಂದು ವಿಷಯವನ್ನು ಮರೆಯಬಾರದು. ಪಾಶ್ಚಾತ್ಯ ಸಂಗೀತದ ಮೋಹದಲ್ಲಿ ತನ್ನದನ್ನು ತೊರೆದ ದೊರೆಯಲ್ಲ ಇವರು. ಅದೇ ೧೯೪೦ರ ದಶಕದಲ್ಲಿ ಅವರು 'ಶ್ರೀವಿದ್ಯಾ' ಎಂಬ ಅಂಕಿತದಿಂದ ೯೪ ಕೃತಿಗಳನ್ನು, ಒಂದೊಂದನ್ನೂ ಬೇರೆ ಬೇರೆ ರಾಗದಲ್ಲಿ, ಸಂಸ್ಕೃತದಲ್ಲಿ ರಚಿಸಿದರು. ಒಂದು ಕಿವಿಯಲ್ಲಿ ಮೆಟ್ನರ್, ಮತ್ತೊಂದರಲ್ಲಿ ದೇವೀಸ್ತುತಿ.

ನಮಗೆ ಹೆಚ್ಚು ಕೊರೆಯುವ ಆಕ್ಷೇಪ ಬೇರೆ. ೧೯೩೫ರ ಸೆಪ್ಟೆಂಬರ್ ೧೦ರಂದು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ೩೦ ವಾಟಿನ ಒಂದು ಪುಟ್ಟ ಪ್ರಸಾರಯಂತ್ರವನ್ನು ಹೂಡಿ 'ಆಕಾಶವಾಣಿ'ಯನ್ನು ಆರಂಭಿಸಿದರು. ಮನೆಯೊಳಗಿನ ದನಿಯನ್ನು ಊರಿಗೆ ಹಂಚುವ ವಿದ್ಯೆ ಅದು. ಅರಮನೆಯ ಪ್ಲೇಟುಗಳದು ಇದಕ್ಕೆ ತದ್ವಿರುದ್ಧವಾದ ಪಯಣ: ಊರೆಲ್ಲ ಕೇಳಿದ ದನಿ ಒಂದು ಮನೆಯೊಳಕ್ಕೆ ಬಂದು ಸೇರಿತು. ಕಾಸಿದ್ದವರು ಕೊಂಡು ಕೇಳಲೆಂದು ಮಾರಾಟಕ್ಕೆ ಬಂದ ಮೆಟ್ನರ್ ಪ್ಲೇಟುಗಳ ಮಾತು ಬೇರೆ. ಈ ಕಚೇರಿಯ ಮುದ್ರಣವು ಮಾರಾಟಕ್ಕೆಂದು ಮಾಡಿದ್ದಲ್ಲ. ಆ ನಾಲ್ಕು ಗೀತೆಗಳ ಮೊಟ್ಟಮೊದಲ ಗಾಯನವೆಂಬ ಚರಿತ್ರಾರ್ಹ ಸಂಗತಿ, ಅಂದಿನ ಪ್ರಿಲ್ಯೂಡಿನೊಡನೆ, ಬಹುಕಾಲ ಅಜ್ಞಾತವಾಸದಲ್ಲಿತ್ತು. ಆದರೆ ಇದಕ್ಕೂ ಎದುರುಮಾತುಂಟು. ಒಬ್ಬನಿಗಾಗಿ ಮುದ್ರಿಸದಿದ್ದರೆ ಅದು ಯಾರಿಗೂ ಉಳಿಯುತ್ತಿರಲಿಲ್ಲವಲ್ಲ! ಆ ಸಂಜೆ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕುಳಿತಿದ್ದವರು ಒಬ್ಬೊಬ್ಬರಾಗಿ ಮರೆಯಾದರು. ಅವರು ಕೇಳಿದ ನಾದ ಉಳಿದದ್ದು ಅಲ್ಲಿಗೆ ಬಾರದಿದ್ದವರ ದೆಸೆಯಿಂದ. ಈ ಎರಡು ಪಕ್ಷಗಳ ನಡುವೆ ನಮ್ಮ ಮನಸ್ಸು ಇನ್ನೂ ಓಲಾಡುತ್ತದೆ. ತೂಕ ಎರಡನೆಯದರ ಕಡೆಗೇ ಸ್ವಲ್ಪ ಬಾಗಿದೆಯೆಂದು ಒಪ್ಪಿಕೊಳ್ಳುತ್ತೇವೆ.

ಉಳಿದದ್ದಾದರೂ ಹೇಗೆ? ಆ ಕಚೇರಿಯನ್ನು ಹಿಡಿದದ್ದು ಅಸಿಟೇಟ್ ಪ್ಲೇಟುಗಳಲ್ಲಿ. ಅರಗಿನ ಪ್ಲೇಟು ಗಟ್ಟಿಯಾದದ್ದು, ಅಚ್ಚಿನಿಂದ ಒತ್ತಿದ್ದು. ಅಸಿಟೇಟ್ ಎಂಬುದು ಅಲ್ಯುಮಿನಿಯಂ ತಟ್ಟೆಯ ಮೇಲೆ ಬಳಿದ ಮೃದುವಾದ ಮೆರುಗುಲೇಪ. ಕೊರೆಯುವ ಮುಳ್ಳು ಸ್ಥಳದಲ್ಲಿಯೇ ಅದರ ಮೇಲೆ ನಾದದ ಗೆರೆಯನ್ನು ಗೀರುತ್ತದೆ. ಅದರ ಗುಣವೂ ದೋಷವೂ ಒಂದೇ: ಗೀರುವುದು ಸುಲಭ, ಸವೆಯುವುದೂ ಸುಲಭ. ಪ್ರತಿಸಲ ನುಡಿಸಿದಾಗಲೂ ಸೂಜಿಯು ಗೆರೆಯ ಅಂಚನ್ನು ಅಷ್ಟಷ್ಟು ಹೆರೆಯುತ್ತದೆ. ಪ್ರೀತಿಯಿಂದ ಕೇಳಿದಷ್ಟೂ ಕೇಳುವುದಕ್ಕೆ ಕಡಮೆ ಉಳಿಯುತ್ತದೆ. ಈ ಮುದ್ರಣವು ಕೊನೆಗೆ ಲಾಂಗ್ ಪ್ಲೇ ಪ್ಲೇಟಾಗಿ ಹೊರಬರುವ ಹೊತ್ತಿಗೆ ಮೂಲವು ಬಹಳ ಸವೆದುಹೋಗಿತ್ತು. ಇಷ್ಟು ಕೆಟ್ಟ ನಾದದಲ್ಲಿ ಏನನ್ನು ಕೇಳುವುದೆಂದು ರಸಿಕರು ನಿಟ್ಟುಸಿರಿಟ್ಟರು. ೨೦೦೭ರಲ್ಲಿ ರೋಜರ್ ಬಿಯರ್ಡ್ಸ್‌ಲಿಯವರೂ, ೨೦೧೪ರಲ್ಲಿ ಆಂಡ್ರ್ಯೂ ರೋಸ್ ಅವರೂ ಗಣಕಯಂತ್ರದ ನೆರವಿನಿಂದ ಕರಕರೆಯನ್ನು ಕಳೆದು ಇದನ್ನು ಶೋಧಿಸಿ ಹೊರತಂದರು. ಆದರೂ ಹಿನ್ನೆಲೆಯಲ್ಲಿ ಮಳೆ ಜಿನುಗುವಂಥ ಸದ್ದು ಪೂರ್ತಿ ಹೋಗಿಲ್ಲ. ನಮಗೆ ಅದು ಅಷ್ಟಾಗಿ ಬೇಸರ ತರಲಿಲ್ಲ.

ಮಿತ್ರರ ಪ್ರಶ್ನೆಗೆ ಇತಿಹಾಸವೇ ಕೊಟ್ಟ ಒಂದು ಉತ್ತರವೂ ಉಂಟು. ೧೯೪೮ರ ಜೂನಿನಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿಯು ನಿಮಿಷಕ್ಕೆ ೩೩⅓ ಸುತ್ತು ತಿರುಗುವ ಲಾಂಗ್ ಪ್ಲೇ ಪ್ಲೇಟನ್ನು ತಂದಿತು. ಒಂದು ಮುಖದಲ್ಲಿ ೨೦ ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಯುವಂತಾಯಿತು. ೧೯೫೨ರ ಜೂನ್ ತಿಂಗಳಲ್ಲಿ ಲಂಡನ್ನಿನ ಕಿಂಗ್ಸ್‌ವೇ ಹಾಲಿನಲ್ಲಿ ಅದೇ ಫುರ್ಟ್‌ವೆಂಗ್ಲರ್, ಅದೇ ಫ್ಲಾಗ್‌ಸ್ಟಾಡ್, ಅದೇ ಫಿಲ್‌ಹಾರ್ಮೋನಿಯ, ಅದೇ ಲೆಗ್ ಸೇರಿ 'ಟ್ರಿಸ್ಟಾನ್ ಮತ್ತು ಇಸೋಲ್ಡೆ'ಯನ್ನು ಆದಿಯಿಂದ ಅಂತ್ಯದವರೆಗೆ ಮುದ್ರಿಸಿದರು. ಆಪೆರಾದ ಮುದ್ರಣಗಳಲ್ಲಿ ಅದಕ್ಕೆ ಮೇಲೆನಿಸುವುದು ವಿರಳವೆಂದು ಬಲ್ಲವರು ಹೇಳುತ್ತಾರೆ. ಮೈಸೂರಿನವರು ಎರಡು ವರ್ಷ ಮುಂಚೆ ಪೂರ್ವರಂಗವನ್ನು ಕೇಳಿದ್ದರು. ಆಮೇಲೆ ತೆರೆ ಎದ್ದಿತು.

ಇದನ್ನೆಲ್ಲ ನಾವು ಅಂದು ತಾಂಡ್ಯದಲ್ಲಿ ಮಿತ್ರರಿಗೆ ಹೇಳುತ್ತಿರುವಾಗ ದೀಪ ಹೊತ್ತಿಸುವ ವೇಳೆಯಾಗಿತ್ತು. "ಆ ಷಡ್ಜ ಎಲ್ಲಿ ಬರುತ್ತದೆ ಎಂದಿರಿ? ಅದನ್ನು ಹಾಕಿ ನೋಡೋಣ" ಎಂದರು. ನಿಲ್ಲಿಸಿದ್ದ ಯಂತ್ರವನ್ನು ಮತ್ತೆ ತಿರುಗಿಸಿದೆವು. ಫ್ಲಾಗ್‌ಸ್ಟಾಡರ ಕಂಠವು ವಾದ್ಯಗಳ ನಡುವಿನಿಂದ ಎದ್ದು, ಅವುಗಳ ಮೇಲೆ ನಿಂತು, ಕೊನೆಗೆ ಅವುಗಳಲ್ಲಿಯೇ ಅಡಗಿತು. ಕಡೆಯ ಸ್ವರಗುಚ್ಛ ಇನ್ನೇನು ಬಂದಿತೆನ್ನುವಾಗ ಮನೆಯ ಮುಂದೆ ಸರಕು ತುಂಬಿದ ಲಾರಿಯೊಂದು ಗುಡುಗುತ್ತ ಹಾದುಹೋಯಿತು. ಮಿತ್ರರು ಕೈಯೆತ್ತಿ ತಡೆದು, "ಇನ್ನೊಂದು ಸಲ, ಅಷ್ಟನ್ನೇ" ಎಂದರು.